ಲಿಯೋನಿನ ನೇಕಾರರು ಕೇಳಿದ ಮಜೂರಿ

ಯಂತ್ರ ಬಂತು, ಕೆಲಸ ಹೋಯಿತು, ಕೂಲಿಕಾರರು ಸಿಟ್ಟಿಗೆದ್ದು ಯಂತ್ರ ಒಡೆದರು. ಯುರೋಪಿನ ಕೈಗಾರಿಕಾ ಕ್ರಾಂತಿಯ ಬಗ್ಗೆ ನಾವು ಸಾಮಾನ್ಯವಾಗಿ ಓದುವುದು ಇಷ್ಟೇ. ಮಗ್ಗದ ಮನೆಯಲ್ಲಿ ಬೆಳೆದ ನನಗೆ ಫ್ರಾನ್ಸಿನ ಲಿಯೋನ್ ಪಟ್ಟಣದ ಕತೆ ಹಾಗೆ ಕೇಳಿಸುವುದಿಲ್ಲ. ಅಲ್ಲಿಯ ರೇಷ್ಮೆ ನೇಕಾರರು 1831ರಲ್ಲಿ ಬಂದೂಕು ಹಿಡಿದದ್ದು ಮಜೂರಿಗಾಗಿ.

ಅವರ ಯಂತ್ರ ನಮ್ಮಪ್ಪನ ಮಗ್ಗದ ತಲೆಯ ಮೇಲೂ ಕೂತಿದ್ದ ಜಕಾರ್ಡೇ. ಲಿಯೋನಿನ ಜೋಸೆಫ್ ಮಾರಿ ಜಕಾರ್ಡ್ 1804ರಲ್ಲಿ ಅದಕ್ಕೆ ರೂಪ ಕೊಟ್ಟ. ಅದಕ್ಕೆ ಮೊದಲು ಹೂಬಳ್ಳಿ ನೇಯಬೇಕಾದರೆ ಹಾಸಿನ ಎಳೆ ಎತ್ತಿ ಹಿಡಿಯಲು ಪಕ್ಕದಲ್ಲಿ ಇನ್ನೊಬ್ಬರು, ಹೆಚ್ಚಾಗಿ ಹೆಂಗಸರು ಮಕ್ಕಳು, ದಿನವಿಡೀ ದಾರ ಜಗ್ಗುತ್ತಿರಬೇಕಿತ್ತು. ಆ ಕೆಲಸವನ್ನು ತೂತು ಹೊಡೆದ ರಟ್ಟುಗಳ ಸರ ವಹಿಸಿಕೊಂಡಿತು. ತೂತಿದ್ದಲ್ಲಿ ಎಳೆ ಏಳುತ್ತದೆ, ಇಲ್ಲದಲ್ಲಿ ಇಲ್ಲ. ಈ ಎತ್ತರದ ಮಗ್ಗ ಹಳೇ ಮನೆಗಳಲ್ಲಿ ಹಿಡಿಸದೆ ನೇಕಾರರು ಕ್ರ್ವಾ-ರೂಸ್ ಗುಡ್ಡ ಹತ್ತಿದರು. ಅವರಿಗಾಗಿ ಎದ್ದ, ನಾಲ್ಕು ಮೀಟರ್ ಎತ್ತರದ ಸೂರಿನ, ದೊಡ್ಡ ಕಿಟಕಿಗಳ ಮನೆಗಳು ಇವತ್ತೂ ಅಲ್ಲಿವೆ.

ಮೊದಮೊದಲು ಯಂತ್ರಕ್ಕೆ ವಿರೋಧ ಇತ್ತು, ನಿಜ. ಆದರೆ 1830ರ ಹೊತ್ತಿಗೆ ಮಗ್ಗದ ಒಡೆಯ ಯಜಮಾನ ನೇಕಾರನೇ. ಅಂಥವರು ಸುಮಾರು 8,000 ಮಂದಿ. ಅವರ ಕೈಕೆಳಗೆ ಅರ್ಧ ಮಜೂರಿಗೆ ನೇಯುವ ಆಳುಗಳು. ನೂಲು, ನಮೂನೆ, ಮಾರಾಟ ಮಾತ್ರ ಕೆಲವು ನೂರು ವರ್ತಕರ ಕೈಯಲ್ಲಿ. ದರ ಹೇಳುವವರೂ ಅವರೇ. ಈ ಲೆಕ್ಕ ನಮ್ಮ ಬೀದಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

ಸ್ವಾತಂತ್ರ್ಯ ಸಾರಿದ ಫ್ರೆಂಚ್ ಕ್ರಾಂತಿ ನೇಕಾರನಿಗೆ ಏನು ಕೊಟ್ಟಿತು? ನಾಗರಿಕ ಎಂಬ ಗೌರವ ಕೊಟ್ಟಿತು, ಸಂಘವನ್ನು ಕಿತ್ತುಕೊಂಡಿತು. 1791ರ ಲ ಶಾಪೆಲಿಯೆ ಕಾನೂನಿನ ಪ್ರಕಾರ ದರಕ್ಕಾಗಿ ಒಗ್ಗೂಡುವುದೇ ಅಪರಾಧ. ವರ್ತಕರಿಗೂ ಅದೇ ನಿಷೇಧ, ಕಾಗದದ ಮೇಲೆ! ನಾಲ್ಕು ಜನ ವರ್ತಕರು ಊಟಕ್ಕೆ ಕೂತು ದರ ಮಾತಾಡಿಕೊಂಡರೆ ಹಿಡಿಯುವವರು ಯಾರು? ನೆಪೋಲಿಯನ್ ಕಾಲದ ದಂಡಸಂಹಿತೆ 20ಕ್ಕಿಂತ ಹೆಚ್ಚು ಜನರ ಕೂಟಕ್ಕೆ ಸರ್ಕಾರದ ಅನುಮತಿ ಬೇಕೆಂದಿತು. ಹಾಗಾಗಿ 1828ರಲ್ಲಿ ಯಜಮಾನ ನೇಕಾರರು ಕಟ್ಟಿಕೊಂಡ ಪರಸ್ಪರ ಸಹಾಯ ಸಂಘದ ಒಂದೊಂದು ಶಾಖೆಯಲ್ಲೂ 20ಕ್ಕಿಂತ ಕಡಿಮೆ ಜನ. ಈ ಜಾಣತನ ನನಗೆ ಬಹಳ ಇಷ್ಟ.

1830ರ ಜುಲೈ ಕ್ರಾಂತಿ ರಾಜನನ್ನು ಬದಲಿಸಿತು. ಬೀದಿಬೀದಿಗೆ ತ್ರಿವರ್ಣ ಧ್ವಜ ಬಂತು. ಕ್ರ್ವಾ-ರೂಸಿನ ರಾಷ್ಟ್ರೀಯ ರಕ್ಷಣಾ ದಳದಲ್ಲಿ ನೇಕಾರರೂ ಇದ್ದರು. ರಾಷ್ಟ್ರದ ಹೆಸರಿನಲ್ಲಿ ಅವರ ಹೆಗಲಿಗೆ ಬಂದೂಕು ಏರಿತ್ತು. ಮರುವರ್ಷ ಅಕ್ಟೋಬರ್ 25ರಂದು ಪ್ರಿಫೆಕ್ಟ್, ಅಂದರೆ ಸರ್ಕಾರದ ಜಿಲ್ಲಾಧಿಕಾರಿ, ಬೂವಿಯೆ-ದ್ಯುಮೊಲಾರ್ ಎರಡೂ ಕಡೆಯವರನ್ನು ಕೂರಿಸಿ ಕನಿಷ್ಠ ದರದ ಪಟ್ಟಿ ಮಾಡಿಸಿದ. 104 ವರ್ತಕರು ಒಪ್ಪಲಿಲ್ಲ. ನವೆಂಬರ್ 21ರಂದು ನೇಕಾರರು ಗುಡ್ಡ ಇಳಿದರು. ಕಪ್ಪು ಬಾವುಟದ ಮೇಲೆ ಬರೆದಿತ್ತು: ದುಡಿದು ಬದುಕುತ್ತೇವೆ, ಇಲ್ಲವೇ ಹೋರಾಡಿ ಸಾಯುತ್ತೇವೆ. ಗುಡ್ಡದ ರಕ್ಷಣಾ ದಳ ಅವರ ಕಡೆಗೇ ನಿಂತಿತು. ಎರಡು ದಿನದ ಕಾಳಗದ ನಂತರ ಸೈನ್ಯ ಊರು ಬಿಟ್ಟಿತು.

ಊರು ಕೈಗೆ ಬಂದ ಮೇಲೆ ಅವರು ಮಾಡಿದ್ದು ಲೂಟಿಯಾಗದಂತೆ ಪಹರೆ ಹಾಕಿದ್ದು! ಅಧಿಕಾರ ಅವರಿಗೆ ಬೇಕಿರಲಿಲ್ಲ, ದರಪಟ್ಟಿ ಬೇಕಿತ್ತು. ಡಿಸೆಂಬರ್ 3ರಂದು ಸರ್ಕಾರ ಕಳಿಸಿದ ಮಾರ್ಷಲ್ ಸುಲ್ಟ್ ಸುಮಾರು 20,000 ಸೈನಿಕರೊಂದಿಗೆ ಊರು ಹೊಕ್ಕ. ದರಪಟ್ಟಿ ರದ್ದಾಯಿತು, ಅದನ್ನು ಮಾಡಿಸಿದ ಪ್ರಿಫೆಕ್ಟನ ಕೆಲಸವೂ ಹೋಯಿತು. 1834ರ ಏಪ್ರಿಲ್‌ನಲ್ಲಿ ಮತ್ತೆ ದಂಗೆ ಎದ್ದಾಗ ಫಿರಂಗಿಗಳೇ ಮಾತಾಡಿದವು. ಸುಮಾರು 300 ಜನ ಸತ್ತರು. ಅದೇ ತಿಂಗಳು ಬಂದ ಹೊಸ ಕಾನೂನು 20ರೊಳಗಿನ ಶಾಖೆಗಳ ಉಪಾಯವನ್ನೂ ಮುಚ್ಚಿಹಾಕಿತು.

ಜಕಾರ್ಡನಿಗೆ 1840ರಲ್ಲಿ ಲಿಯೋನ್ ಪ್ರತಿಮೆ ನಿಲ್ಲಿಸಿತು. ಅವನ ಮಗ್ಗದಲ್ಲಿ ನೇಯ್ದವರು ಕಾನೂನಿನ ಭಯವಿಲ್ಲದೆ ಕಾರ್ಮಿಕ ಸಂಘ ಕಟ್ಟಲು 1884ರವರೆಗೆ ಕಾಯಬೇಕಾಯಿತು.