ಬೇಲಿಯೊಳಗೆ ಕಲಿತ ಕಸುಬು: ಸೊಲ್ಲಾಪುರದ ಸೆಟ್ಲ್‌ಮೆಂಟ್ ಮತ್ತು ಗಡಿಯ ತರುಣರು

ಗಡಿನಾಡಿನ ಬಡ ತರುಣರಿಗೆ ಸರ್ಕಾರ ಕಸುಬು ಕಲಿಸಿದ ಇತಿಹಾಸವನ್ನು ಐಟಿಐಗಳಿಂದ ಆರಂಭಿಸುವುದು ವಾಡಿಕೆ. ಸೊಲ್ಲಾಪುರದಲ್ಲಿ ಅದರ ಬೇರು ಇನ್ನೂ ಹಿಂದಿನದು, ಮತ್ತು ಅದು ತಂತಿಬೇಲಿಯೊಳಗಿನದು.

1911ರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯ ಅನ್ವಯ ಮುಂಬಯಿ ಪ್ರಾಂತ್ಯದಲ್ಲಿ ‘ಅಪರಾಧಿ’ಗಳೆಂದು ಘೋಷಿತವಾದ ಸಮುದಾಯಗಳನ್ನು ವಿಜಾಪುರ, ಹುಬ್ಬಳ್ಳಿ, ಗದಗ, ಸೊಲ್ಲಾಪುರಗಳ ಸೆಟ್ಲ್‌ಮೆಂಟುಗಳಲ್ಲಿ ಇರಿಸಲಾಯಿತು. ಔದ್ಯೋಗಿಕ ಶಾಲೆಗಳನ್ನು ತೆರೆದು, ಮಕ್ಕಳನ್ನು ತಂದೆತಾಯಿಯರಿಂದ ಬೇರ್ಪಡಿಸಿ ಅಲ್ಲಿಡುವ ಅಧಿಕಾರವನ್ನು ಕಾಯ್ದೆ ನೀಡಿತ್ತು. ‘ಮಕ್ಕಳು’ ಎಂದರೆ 6 ವರ್ಷ ಮೀರಿದ, 18 ತುಂಬದ ಎಲ್ಲರೂ. ಸೊಲ್ಲಾಪುರದ ಹತ್ತಿ ಗಿರಣಿಗಳಿಗೆ ಕೂಲಿಕಾರರು ಬೇಕಿದ್ದರು. ಸೆಟ್ಲ್‌ಮೆಂಟಿನ ನಿವಾಸಿಗಳು ಅಲ್ಲಿ ದುಡಿದರು. ಕೂಲಿ ದೊರೆಯಿತು, ಕಸುಬೂ ಕೈಗೂಡಿತು. ಆದರೆ ಹಾಜರಿ ತಪ್ಪುವಂತಿರಲಿಲ್ಲ. ಅನುಮತಿಯಿಲ್ಲದೆ ಊರು ಬಿಡುವಂತಿರಲಿಲ್ಲ. ಕಲಿತ ಕಸುಬನ್ನು ಹೊತ್ತು ಹೆಚ್ಚಿನ ಕೂಲಿಯ ಊರಿಗೆ ಹೋಗುವುದು ಯಾವುದೇ ಕೆಲಸಗಾರನ ಸಾಮಾನ್ಯ ಸ್ವಾತಂತ್ರ್ಯ. ಶಿಕ್ಷಣ ಕೊಟ್ಟ ಕಾಯ್ದೆಯೇ ಅದನ್ನು ಕಸಿದುಕೊಂಡಿತ್ತು.

1952ರ ಆಗಸ್ಟ್ 31ರಂದು ಕಾಯ್ದೆ ದೇಶದಾದ್ಯಂತ ರದ್ದಾಯಿತು. 1956ರಲ್ಲಿ ವಿಜಾಪುರ ಮೈಸೂರು ರಾಜ್ಯಕ್ಕೆ ಸೇರಿತು. ಸೊಲ್ಲಾಪುರ ಮುಂಬಯಿ ರಾಜ್ಯದಲ್ಲುಳಿದು 1960ರಲ್ಲಿ ಮಹಾರಾಷ್ಟ್ರದ ಭಾಗವಾಯಿತು. ಒಂದೇ ಬಗೆಯ ಬಂಧನವನ್ನು ಕಂಡ ಜನ ಎರಡು ಪಟ್ಟಿಗಳಿಗೆ ಹಂಚಿಹೋದರು. ಕನ್ನಡದಲ್ಲಿ ಕೊರಮ, ಕೊರಚರೆನಿಸಿದವರು ಮರಾಠಿಯಲ್ಲಿ ಕೈಕಾಡಿಗಳು, ಲಂಬಾಣಿಗಳು ಬಂಜಾರರು, ವಡ್ಡರು ವಡಾರರು. ಕರ್ನಾಟಕದಲ್ಲಿ ಈ ಮೂವರೂ ಪರಿಶಿಷ್ಟ ಜಾತಿಯವರು. ಸೊಲ್ಲಾಪುರ ಜಿಲ್ಲೆಯಲ್ಲಿ ಅವರು ‘ವಿಮುಕ್ತ ಜಾತಿ’ಯವರು, ಆ ವರ್ಗಕ್ಕೆ ಮಹಾರಾಷ್ಟ್ರ ನೀಡುವ ಮೀಸಲು ಶೇಕಡ 3.

ಒಂದು ರಾಜ್ಯದ ಪರಿಶಿಷ್ಟ ಸ್ಥಾನಮಾನವು ವಲಸೆ ಹೋದ ರಾಜ್ಯದಲ್ಲಿ ತಾನಾಗಿ ಲಭಿಸದೆಂದು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಪಟ್ಟಿಗಳು ಆಯಾ ರಾಜ್ಯದ ಸಾಮಾಜಿಕ ಸ್ಥಿತಿಯನ್ನು ಆಧರಿಸಿವೆ ಎಂಬ ತರ್ಕ ಅದರ ಹಿಂದಿದೆ. ವಿಜಾಪುರ-ಸೊಲ್ಲಾಪುರಗಳ ನಡುವಣ ಸುಮಾರು 100 ಕಿಲೋಮೀಟರ್ ದಾರಿಯಲ್ಲಿ ಆ ತರ್ಕ ನಿಲ್ಲುವುದು ಕಷ್ಟ. ಇಲ್ಲಿಯ ಸಾಮಾಜಿಕ ಸ್ಥಿತಿಯನ್ನು ರೂಪಿಸಿದ್ದು ಒಂದೇ ಪ್ರಾಂತ್ಯದ ಒಂದೇ ಕಾಯ್ದೆ. ಕೂಲಿಗಾಗಿ ಗಡಿ ದಾಟಿದ ಕುಟುಂಬದ ಮಗನಿಗೋ ಮಗಳಿಗೋ ತರಬೇತಿಯ ಸೀಟು, ವಿದ್ಯಾರ್ಥಿವೇತನಗಳ ಹೊತ್ತಿಗೆ ಹಳೆಯ ಪ್ರಮಾಣಪತ್ರ ನೆರವಾಗುವುದಿಲ್ಲ.

ಹೀಗಾಗಿ ಗಡಿಪ್ರದೇಶದ ತರಬೇತಿ ಯೋಜನೆಗಳ ಮೌಲ್ಯಮಾಪನದಲ್ಲಿ ಕಲಿತವರ ಸಂಖ್ಯೆಯೊಂದೇ ಸಾಲದು. ಕಲಿಯುವ ಅವಕಾಶವೂ ಕಲಿತ ಕಸುಬೂ ಅವರೊಡನೆ ಗಡಿ ದಾಟಬಲ್ಲವೇ ಎಂಬುದನ್ನೂ ಕೇಳಬೇಕು. ಸೊಲ್ಲಾಪುರದ ಬೇಲಿಯ ಇತಿಹಾಸ ಎತ್ತುವುದು ಇದೇ ಪ್ರಶ್ನೆಯನ್ನು.