ಬ್ರಹ್ಮಗಿರಿಯ ಕಾಲದಿಂದ 2061ರವರೆಗೆ: ಹ್ಯಾಲಿ ಧೂಮಕೇತುವಿನ ಕಕ್ಷೆ

ಹ್ಯಾಲಿ ಧೂಮಕೇತು ಸರಾಸರಿ 76 ವರ್ಷಕ್ಕೊಮ್ಮೆ ಸೂರ್ಯನನ್ನು ಸುತ್ತುತ್ತದೆ. ಅದರ ಕಕ್ಷೆ ಬಹಳ ನೀಳವಾದ ದೀರ್ಘವೃತ್ತ. ಸೂರ್ಯನಿಗೆ ಹತ್ತಿರ ಬಂದಾಗ ಬುಧ, ಶುಕ್ರರ ಕಕ್ಷೆಗಳ ನಡುವೆ, ಸುಮಾರು 8.8 ಕೋಟಿ ಕಿ.ಮೀ. ದೂರದಲ್ಲಿರುತ್ತದೆ, ದೂರ ಸರಿದಾಗ ನೆಪ್ಚೂನನ್ನೂ ದಾಟಿ ಸುಮಾರು 525 ಕೋಟಿ ಕಿ.ಮೀ. ತಲುಪುತ್ತದೆ. ಗ್ರಹಗಳು ಸುತ್ತುವ ದಿಕ್ಕಿಗೆ ಇದರದು ಎದುರು ದಿಕ್ಕು. ಸೂರ್ಯನ ಬಳಿ ಸೆಕೆಂಡಿಗೆ 54 ಕಿ.ಮೀ. ಇರುವ ವೇಗ ದೂರದ ತುದಿಯಲ್ಲಿ 1 ಕಿ.ಮೀ.ಗಿಂತ ಕೆಳಗಿಳಿಯುತ್ತದೆ.

ಇದರ ಖಚಿತ ದಾಖಲೆಗಳಲ್ಲಿ ಅತ್ಯಂತ ಹಳೆಯದು ಕ್ರಿ.ಪೂ. 240ರ ಭೇಟಿಯ ಬಗ್ಗೆ ಚೀನಾದಲ್ಲಿ ಬರೆದದ್ದು. ಆಗ ಮಗಧದಲ್ಲಿ ಅಶೋಕನ ಆಳ್ವಿಕೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ, ಇಸಿಲ ಪಟ್ಟಣದ ಮಹಾಮಾತ್ರರೆಂಬ ಅಧಿಕಾರಿಗಳಿಗೆ ಕಳುಹಿಸಿದ ಅವನ ಆಜ್ಞೆಗಳಿವೆ. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಬೆಳಕಿಗೆ ತಂದ ಈ ಶಾಸನಗಳಲ್ಲಿ ಧರ್ಮದ ಮಾತಿದೆ, ಧೂಮಕೇತುವಿನದಿಲ್ಲ.

ಕನ್ನಡ ನಾಡನ್ನಾಳಿದ ಅರಸರ ಶಾಸನದಲ್ಲಿ ಅದು ಕಾಣಿಸಿಕೊಳ್ಳುವುದು 1456ರಲ್ಲಿ. ಶ್ರೀಶೈಲದ ಮಲ್ಲಿಕಾರ್ಜುನ ದೇವಾಲಯದಲ್ಲಿ ದೊರೆತ ಸಂಸ್ಕೃತ ತಾಮ್ರಪಟ ವಿಜಯನಗರದ ಅರಸ ಮಲ್ಲಿಕಾರ್ಜುನನದು. ಧೂಮಕೇತು ಮತ್ತು ಉಲ್ಕೆಗಳಿಂದ ಬರಬಹುದಾದ ಉತ್ಪಾತದ ಶಾಂತಿಗಾಗಿ ಆ ವರ್ಷದ ಜೂನ್ 28ರಂದು ವೈದಿಕ ವಿದ್ವಾಂಸರೊಬ್ಬರಿಗೆ ದತ್ತಿ ಕೊಟ್ಟದ್ದನ್ನು ಅದು ಹೇಳುತ್ತದೆ. ಹ್ಯಾಲಿ ಧೂಮಕೇತು ಅದೇ ತಿಂಗಳು ಸೂರ್ಯನ ಸಮೀಪ ಹಾದುಹೋಗಿತ್ತು.

ಭಯವನ್ನು ಲೆಕ್ಕಾಚಾರವಾಗಿ ಬದಲಿಸಿದವರು ಖಗೋಳ ವಿಜ್ಞಾನಿ ಎಡ್ಮಂಡ್ ಹ್ಯಾಲಿ. 1531, 1607, 1682ರ ಧೂಮಕೇತುಗಳ ಕಕ್ಷೆಗಳನ್ನು ಹೋಲಿಸಿ, ಮೂರೂ ಒಂದೇ ಎಂದು 1705ರಲ್ಲಿ ಅವರು ಪ್ರಕಟಿಸಿದರು. 1456ರದೂ ಅದೇ ಇರಬೇಕೆಂದು ಊಹಿಸಿದರು. 1758ರಲ್ಲಿ ಮರಳುತ್ತದೆ ಎಂದರು. ಆ ವರ್ಷದ ಡಿಸೆಂಬರ್ 25ರಂದು ಅದು ಮತ್ತೆ ಕಂಡಿತು. ಆದರೆ ಸೂರ್ಯನ ಸಮೀಪ ಬಂದದ್ದು 1759ರ ಮಾರ್ಚ್‌ನಲ್ಲಿ. ಗುರು, ಶನಿಗಳ ಸೆಳೆತವೇ ಈ ವಿಳಂಬಕ್ಕೆ ಕಾರಣ. ಈ ಸೆಳೆತದಿಂದಲೇ ಸುತ್ತಿನ ಅವಧಿ ಒಂದೊಂದು ಸಲಕ್ಕೆ ಕೆಲವು ವರ್ಷ ಹೆಚ್ಚುಕಡಿಮೆಯಾಗುತ್ತದೆ.

1910ರಲ್ಲಿ ಅದು ಬಂದಾಗ, ಮೇ ತಿಂಗಳಲ್ಲಿ ಭೂಮಿ ಧೂಮಕೇತುವಿನ ಬಾಲದ ಮೂಲಕವೇ ಸಾಗಿತೆಂದು ಲೆಕ್ಕ ಹಾಕಲಾಗಿತ್ತು. 1986ರಲ್ಲಿ ಅದು ಸೂರ್ಯನ ಆಚೆ ಬದಿಯಲ್ಲಿದ್ದುದರಿಂದ ಮಸುಕಾಗಿತ್ತು. 2023ರ ಡಿಸೆಂಬರ್‌ನಲ್ಲಿ ದೂರದ ತುದಿಯಿಂದ ತಿರುಗಿದೆ.

ಕ್ರಿ.ಪೂ. 240ರಿಂದ 1986ರವರೆಗಿನ 30 ಭೇಟಿಗಳೂ ಒಂದಲ್ಲ ಒಂದು ನಾಡಿನಲ್ಲಿ ದಾಖಲಾಗಿವೆ. ಇದರ ಕಕ್ಷೆಯ ಹಿಂದಿನ ಇತಿಹಾಸ ನಿಖರವಾಗಿ ತಿಳಿದದ್ದು, ಅಂಜಿದರೂ ತಾರೀಖು ಬರೆದಿಟ್ಟವರಿಂದ. ಮುಂದಿನ ಬಾರಿ ಅದು ಸೂರ್ಯನಿಗೆ ಅತಿ ಹತ್ತಿರವಾಗುವುದು 2061ರ ಜುಲೈ 28ರಂದು.