ಲಿಮೋನ್ ಪ್ರಾಂತ್ಯ

ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ಏಳು ಪ್ರಾಂತ್ಯಗಳಲ್ಲೊಂದು. ದೇಶದ ಕೆರಿಬಿಯನ್ ಕರಾವಳಿಯೆಲ್ಲ ಇದರ ಪಾಲಿಗೇ ಬಂದಿದೆ. ಉತ್ತರಕ್ಕೆ ನಿಕರಾಗುವಾ, ದಕ್ಷಿಣಕ್ಕೆ ಪನಾಮಾ. ಮುಖ್ಯ ಪಟ್ಟಣ ಲಿಮೋನ್ ಬಂದರು. ರಾಜಧಾನಿ ಸಾನ್ ಹೋಸೆಯಿಂದ ಸುಮಾರು 160 ಕಿ.ಮೀ. ದೂರ.

ತಲಮಾಂಕ ಬೆಟ್ಟಗಳ ಬ್ರಿಬ್ರಿ ಮತ್ತು ಕಬೇಕರ್ ಜನ ಇಲ್ಲಿನ ಮೂಲನಿವಾಸಿಗಳು. 1502ರಲ್ಲಿ ಕೊಲಂಬಸ್ ಈ ತೀರದಲ್ಲಿ ಲಂಗರು ಹಾಕಿದನಾದರೂ ಬೆಟ್ಟಸೀಮೆ ಸ್ಪೇನಿನವರ ಕೈಗೆ ಸುಲಭವಾಗಿ ಸಿಗಲಿಲ್ಲ. 1709ರ ದಂಗೆಯ ನಾಯಕ ಪಾಬ್ಲೊ ಪ್ರೆಸ್ಬೆರೆಯನ್ನು ಮರುವರ್ಷ ಕೊಲ್ಲಲಾಯಿತು.

ಇಂದಿನ ಲಿಮೋನನ್ನು ಕಟ್ಟಿದ್ದು ರೈಲು. ಒಳನಾಡಿನ ಕಾಫಿ ಪೆಸಿಫಿಕ್ ಬಂದರಿನಿಂದ ಹೊರಟು, ದಕ್ಷಿಣ ಅಮೆರಿಕದ ತುದಿ ಸುತ್ತಿ ಯುರೋಪು ಸೇರಬೇಕಿತ್ತು. ಹತ್ತಿರದ ದಾರಿಗಾಗಿ 1871ರಲ್ಲಿ ಹಳಿ ಹಾಕುವ ಕೆಲಸ ಶುರುವಾಯಿತು. ಮಳೆ, ಜೌಗು, ಮಲೇರಿಯಾ, ಹಳದಿ ಜ್ವರಗಳ ನಡುವೆ ಜಮೈಕಾದ ಕರಿಯರು, ಚೀನೀಯರು, ಇಟಲಿಯವರು ದುಡಿದರು. ಸಾವಿರಾರು ಮಂದಿ ಸತ್ತರು. 1890ರಲ್ಲಿ ಮಾರ್ಗ ಮುಗಿಯಿತು. ಗುತ್ತಿಗೆದಾರ ಮೈನರ್ ಕೀತ್‌ಗೆ ಸರ್ಕಾರ 8 ಲಕ್ಷ ಎಕರೆ ಭೂಮಿಯನ್ನೂ 99 ವರ್ಷಗಳ ರೈಲು ಗೇಣಿಯನ್ನೂ ಕೊಟ್ಟಿತ್ತು. ಹಳಿಯ ಪಕ್ಕದಲ್ಲಿ ಅವನು ಬೆಳೆಸಿದ ಬಾಳೆಯೇ 1899ರಲ್ಲಿ ಹುಟ್ಟಿದ ಯುನೈಟೆಡ್ ಫ್ರೂಟ್ ಕಂಪನಿಗೆ ಬುನಾದಿಯಾಯಿತು. ಲಿಮೋನ್ ಪ್ರಾಂತ್ಯವೆನಿಸಿಕೊಂಡದ್ದು 1902ರಲ್ಲಿ.

ಹಳಿ ಹಾಕಿದವರ ಮಕ್ಕಳು ಮಾತ್ರ ಹುಟ್ಟಿದ ನೆಲದಲ್ಲೇ ಪರಕೀಯರಾಗಿ ಉಳಿದರು. 1934ರಲ್ಲಿ ಬಾಳೆತೋಟದ ಕಾರ್ಮಿಕರು ದೊಡ್ಡ ಮುಷ್ಕರ ಹೂಡಿದರು. ಕಂಪನಿ ಪೆಸಿಫಿಕ್ ಕಡೆಗೆ ತೋಟ ಸಾಗಿಸಿದಾಗ, ಅಲ್ಲಿ ಕರಿಯರಿಗೆ ಕೆಲಸ ಕೊಡಕೂಡದೆಂದು ಅದೇ ವರ್ಷದ ಕರಾರು ತಡೆಯೊಡ್ಡಿತು. ಈ ದೇಶದ ಚರಿತ್ರೆಯಲ್ಲಿ ಇದಕ್ಕಿಂತ ದೊಡ್ಡ ಅನ್ಯಾಯಗಳು ಕಡಿಮೆ. ದೇಶದ ಅಂತರ್ಯುದ್ಧ ಮುಗಿದ ಮೇಲೆ, 1949ರಲ್ಲಿ, ಅವರಿಗೆ ಪೌರತ್ವದ ಬಾಗಿಲು ತೆರೆಯಿತು.

1991ರ ಏಪ್ರಿಲ್ 22ರ ಭೂಕಂಪ ತೀರವನ್ನೇ ಮೇಲೆತ್ತಿತು. ಅಲೆಯಡಿ ಇದ್ದ ಹವಳದ ದಿಬ್ಬಗಳು ಬಿಸಿಲಿಗೆ ಬಂದು ಒಣಗಿದವು. ರೈಲುಮಾರ್ಗಕ್ಕೂ ಭಾರಿ ಹಾನಿಯಾಯಿತು.

ಜಮೈಕಾದ ನೆನಪು ಇಲ್ಲಿನ ಮಾತಿನಲ್ಲೂ ಅಡುಗೆಯಲ್ಲೂ ಹಸಿಯಾಗಿದೆ. ಅಕ್ಕಿ, ರಾಜ್ಮಾ ಎರಡನ್ನೂ ತೆಂಗಿನ ಹಾಲಿನಲ್ಲಿ ಬೇಯಿಸಿ, ಒಂದು ಖಾರದ ಮೆಣಸಿನಕಾಯಿಯನ್ನು ಒಡೆಯದಂತೆ ಇಡಿಯಾಗಿ ಪಾತ್ರೆಯಲ್ಲಿ ಬಿಡುತ್ತಾರೆ. ಘಮ ಇಳಿಯುತ್ತದೆ, ಖಾರ ಇಳಿಯುವುದಿಲ್ಲ. ಕಹುಯಿತಾದ ವಾಲ್ಟರ್ ಫರ್ಗ್ಯುಸನ್ (1919–2023) ಇಲ್ಲಿನ ಕ್ಯಾಲಿಪ್ಸೊ ಹಾಡಿಗೆ ದೊಡ್ಡ ಹೆಸರು.

ಪೆಸಿಫಿಕ್ ಕಡೆ ಮಳೆ ಸುರಿಯುವ ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಈ ತೀರ ಹೆಚ್ಚಾಗಿ ತಿಳಿಯಾಗಿರುತ್ತದೆ. ತೋರ್ತುಗೇರೊ ಉದ್ಯಾನದಲ್ಲಿ ಹಸಿರು ಕಡಲಾಮೆಗಳು ಜುಲೈನಿಂದ ಅಕ್ಟೋಬರ್‌ವರೆಗೆ ಮೊಟ್ಟೆಯಿಡುತ್ತವೆ. ನೋಡಹೋಗುವವರು ರಾತ್ರಿ ಮಾರ್ಗದರ್ಶಿಯ ಜೊತೆಯಲ್ಲೇ ಹೋಗಬೇಕು. ಟಾರ್ಚು, ಕ್ಯಾಮೆರಾ ಬಿಟ್ಟು ಹೋಗಬೇಕು.